ಗುಡ್ಡ ಹತ್ತುವ ಗಾಡಿ

"ಈ ಸಂಕ್ರಾಂತಿ ರಜೆಯಲ್ಲಿ ನಮ್ಮನ್ನು ಯಾವ ನೆಂಟನೂ ಹಿಡಿಯಲಾರ!"

ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಮೈತ್ರೇಯಿ, ಹಿಂದಿನ ದಿನ ಊರಿಗೆ ಹೊರಟ ನೆಂಟರ ರಗ್ಗುಗಳನ್ನು ಬಿಸಿಲಿಗೆ ಹಾಕಲು ಎತ್ತಿಕೊಂಡು ನಿಂತಿದ್ದಳು. ರಗ್ಗಿನ ರಾಶಿಯ ಹಿಂದೆ ಮುಖ ಕಾಣಲಿಲ್ಲ, ಧ್ವನಿ ಮಾತ್ರ ಬಂತು.

"ಎಲ್ಲಿ ಬಚ್ಚಿಟ್ಕೋತೀರಿ? ಅಟ್ಟದ ಮೇಲಾ?"

"ಕಾಡಿನಲ್ಲಿ!"

"ಅಲ್ಲೂ ಒಂದು ಲಿಂಗ ಇರುತ್ತೆ ಕಣ್ರೀ. ಹುಡುಕ್ಕೊಂಡು ಬರ್ತಾರೆ."

ತಪ್ಪು ನೆಂಟರದಲ್ಲ. ಕಾಶಿಯ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತೆಂದು ಊರಿನಲ್ಲೆಲ್ಲ ಪೇಡ ಹಂಚಿದವನು ನಾನೇ. ಪೇಡ ತಿಂದವರೆಲ್ಲ ಬಂದರು. ನನ್ನ ಮದುವೆಗೆ ಬಿಡುವಾಗದಿದ್ದವರು ಬಂದರು. ಮದುವೆ ಯಾರೊಂದಿಗಾಯಿತು ಎಂಬುದೇ ಗೊತ್ತಿಲ್ಲದವರೂ ಬಂದು, ಮೈತ್ರೇಯಿಯನ್ನು "ಶಾರದಾ, ಶಾರದಾ" ಎಂದು ಕರೆದುಕೊಂಡು ಹದಿನೈದು ದಿನ ಇದ್ದು ಹೋದರು! ಅವಳೋ ಎಲ್ಲರಿಗೂ ನೀರು ಕಾಯಿಸಿ, ದಾರಿಗೆ ಚಿತ್ರಾನ್ನ ಕಟ್ಟಿ, ಗಂಗೆಯ ಗಿಂಡಿಗಳಿಗೆ ಬೆಸುಗೆ ಹಾಕಿಸಿ ಕಳಿಸುತ್ತಿದ್ದಳು. ಮೈಸೂರು ಸೀಮೆಯ ಅರ್ಧ ಜನಕ್ಕೆ ವಿಶ್ವನಾಥನ ದರ್ಶನ ಮಾಡಿಸಿದ ಪುಣ್ಯಾತ್ಗಿತ್ತಿಗೆ, ಅರ್ಧ ದಿನದ ದಾರಿಯಲ್ಲಿರುವ ವಿಂಧ್ಯದ ಜಲಪಾತ ತೋರಿಸಲು ನನಗಾಗಿರಲಿಲ್ಲ. ಮದುವೆಯ ಹೊಸತರಲ್ಲಿ ಮಾತು ಕೊಟ್ಟಿದ್ದೆ. ನಾವಿಬ್ಬರೇ, ಕಾಡು, ಡೇರೆ, ಜಲಪಾತ! ಆ ಮಾತು ಪ್ರತಿ ರಜೆಯಲ್ಲೂ ನೆಂಟರ ಹಾಸಿಗೆಯ ಅಡಿಗೆ ಹೋಗುತ್ತಿತ್ತು. ನೆನೆದರೆ ನನಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು.

ಅದಲ್ಲದೆ ನನ್ನದು ಒಂದೆಡೆ ಕೂರುವ ಜೀವವಲ್ಲ. ಪಾಠ ಮಾಡುವಾಗ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತೇನೆ. ಕೂತರೆ ಮೊಣಕಾಲು ತಾನಾಗಿ ಕುಣಿಯುತ್ತದೆ. "ಮೇಜು ನಡುಗ್ತಿದೆ, ಸಾರು ಚೆಲ್ಲುತ್ತೆ, ಕಾಲು ನಿಲ್ಲಿಸಿ" ಎನ್ನುವುದು ನಮ್ಮ ಮನೆಯ ಊಟದ ಮಂತ್ರ. ಆ ಚಳಿಗಾಲದಲ್ಲಂತೂ ಹೊರಡಬೇಕು, ಹೊರಡಬೇಕು ಎಂದು ಅಂಗಾಲಿನಲ್ಲಿ ಇರುವೆ ಹರಿದಾಡಿದಂತಾಗುತ್ತಿತ್ತು.

ಹೀಗಿರುವಾಗ ಒಂದು ಸರ್ಕಾರಿ ಕಚೇರಿಯ ಹರಾಜಿನಲ್ಲಿ ನನ್ನ ಕಣ್ಣಿಗೆ ಬಿತ್ತು ಆ ಪಿಕಪ್ಪು! ಮುಂದೆ ಜೀಪಿನ ಮೂತಿ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಬೇವಿನ ಮರದ ಕೆಳಗೆ ವರ್ಷಗಟ್ಟಲೆ ನಿಂತಿತ್ತು. ಹರಾಜು ಕೂಗುವವನು ಮೊದಲು ತೊಟ್ಟಿಯಲ್ಲಿ ಮರಿ ಹಾಕಿದ್ದ ಮೇಕೆಯನ್ನು ಇಳಿಸಬೇಕಾಯಿತು. ನನ್ನ ಹೊರತು ಯಾರೂ ಕೈ ಎತ್ತಲಿಲ್ಲ. ನನ್ನ ದೂರದೃಷ್ಟಿಗೆ ಬೇರೆ ಸಾಕ್ಷಿ ಬೇಕೆ?

"ಇದು ಓಡುತ್ತಾ?" ಎಂದಳು ಮೈತ್ರೇಯಿ.

"ಓಡುವುದೇನು, ಗುಡ್ಡ ಹತ್ತುತ್ತೆ! ಹಳ್ಳ ಇಳಿಯುತ್ತೆ! ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ!"

"ಸದ್ಯಕ್ಕೆ ನಾಲ್ಕು ಚಕ್ರ ಇವೆಯಾ ನೋಡಿ."

ಮೂರಿದ್ದವು.

ಗಾಡಿಗೆ ಜೀವ ಕೊಡಲು ವಿಶ್ವವಿದ್ಯಾಲಯದ ಹೆಬ್ಬಾಗಿಲ ಎದುರಿನ ಲಂಕಾ ಚೌಕದ ಛೇದಿಲಾಲ್ ಮಿಸ್ತ್ರಿ ಸಿಕ್ಕಿದ. ಬಾಯಲ್ಲಿ ಪಾನ್ ಇಲ್ಲದೆ ಅವನು ಮಾತಾಡಿದ್ದನ್ನು ಕಂಡವರಿಲ್ಲ. ನನ್ನ ಕನಸನ್ನೆಲ್ಲ ಕೇಳಿ, ಪಿಚಕ್ಕನೆ ಉಗಿದು, "ಅರೇ ಮಾಸ್ಟರ್ ಸಾಹಬ್, ಹಮ್ ಟ್ಯಾಂಕ್ ಬನಾ ದೇಬ, ಟ್ಯಾಂಕ್!" ಎಂದ. ಯುದ್ಧದ ಟ್ಯಾಂಕನ್ನೇ ಮಾಡಿಕೊಡುತ್ತಾನಂತೆ! ಆದರೆ ಅಸ್ಸಿ ಘಾಟಿನ ಬಳಿಯ ನಮ್ಮ ಗಲ್ಲಿಯಲ್ಲಿ ಎರಡು ಸೈಕಲ್ಲು ಎದುರಾದರೆ ಒಂದು ಹಿಂದೆ ಸರಿಯಬೇಕು, ಟ್ಯಾಂಕು ಎಲ್ಲಿ ನಿಲ್ಲಿಸುವುದು? ಕನ್ನಡದವರ ಮಠದ ಮ್ಯಾನೇಜರು ಕುಮಾರಯ್ಯನವರು ದೇವರಂತೆ ಬಂದರು. ಗದಗಿನ ಕಡೆಯವರು, ದೊಡ್ಡ ಮನಸ್ಸಿನವರು.

"ನಮ್ಮ ಅಂಗಳ ಖಾಲಿ ಅದ ತಗೋರಿ ಸರ್. ಎಷ್ಟು ದಿನ ಬೇಕಾರ ನಿಲ್ಸ್ರಿ."

"ಆದರೆ ಊರಿನವರಿಗೆ ವಿಷಯ ತಿಳಿಯಬಾರದು ಕುಮಾರಯ್ಯನವರೇ."

"ನನ್ನ ಬಾಯಿಂದ ಒಂದು ಮಾತು ಹೊರಗ ಬೀಳಂಗಿಲ್ಲ ಬಿಡ್ರಿ!"

ಬೀಳಲಿಲ್ಲ ನಿಜ. ಅವರು ಬಾಯಿಯನ್ನು ಬಳಸಲೇ ಇಲ್ಲ. ಮಠಕ್ಕೆ ಬಂದ ಯಾತ್ರಿಕರನ್ನೆಲ್ಲ ಮಾತಿಲ್ಲದೆ ಅಂಗಳಕ್ಕೆ ಕರೆತಂದು ಗಾಡಿಯ ಕಡೆ ಕೈ ತೋರಿಸುತ್ತಿದ್ದರು, ಅಷ್ಟೆ.

ಕೆಲಸ ಭರದಿಂದ ಸಾಗಿತು. ಮಿಲಿಟರಿಯಿಂದ ಹರಾಜಾದ ದಪ್ಪ ಹಲ್ಲಿನ ಟೈರುಗಳು ಬಂದವು. ಬಂಡೆಗೆ ಹೊಟ್ಟೆ ತಾಗದಂತೆ ಸ್ಪ್ರಿಂಗಿಗೆ ಹೆಚ್ಚಿನ ಪಟ್ಟಿಗಳು ಬಿದ್ದವು. ಗಾಡಿ ಎಷ್ಟು ಎತ್ತರವಾಯಿತೆಂದರೆ ಮೈತ್ರೇಯಿ ಸೀರೆ ಉಟ್ಟು ಹತ್ತಲಾರದೆ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಸಿಕ್ಕಿಬಿದ್ದಳು. ಕೂಡಲೇ ಹಿಂಬದಿಗೆ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ! ತೊಟ್ಟಿಗೆ ಟಾರ್ಪಾಲಿನ ಮಾಡು, ಎರಡೂ ಬದಿಗೆ ಬೆಂಚು, ಬೆಂಚಿನ ನಡುವೆ ಹಲಗೆ ಸೇರಿಸಿದರೆ ಹಾಸಿಗೆ. ಕುಡಿಯಲು ನಲ್ಲಿ ಇಟ್ಟ ನೀರಿನ ಡ್ರಮ್ಮು. ಸ್ಟವ್ವಿಗೊಂದು ಕಟ್ಟೆ, ಬಟ್ಟೆ ಬದಲಿಸಲು ಪರದೆ, ಲಾಟೀನಿಗೊಂದು ಗೂಡು. ಕೈ ಸುಮ್ಮನಿರದೆ ಗಾಡಿಯ ನೆತ್ತಿಯ ಮೇಲೂ ಒಂದು ಕಬ್ಬಿಣದ ಮಂಚ ಬೆಸೆಸಿ, ಧೂಳು ಕೂರದಂತೆ ಬಿಳಿ ಬಟ್ಟೆ ಸುತ್ತಿ ಹಗ್ಗ ಬಿಗಿದೆ. ಆಕಾಶ ನೋಡುತ್ತ ಮಲಗಲು!

"ಸಾಕು ಮಾಡ್ರೀ. ಇನ್ನು ತುಳಸಿಕಟ್ಟೆ ಒಂದು ಬಾಕಿ" ಎಂದಳು ಮೈತ್ರೇಯಿ. ಬಾಯಲ್ಲಿ ಹಾಗಂದರೂ ಪರದೆಗೆ ತಾನೇ ಹೂವಿನ ಬಟ್ಟೆ ಆರಿಸಿ ಹೊಲಿದು ಕೊಟ್ಟಿದ್ದಳು. ಅವಳಿಗೂ ಹೊರಡುವ ಆಸೆ ಹತ್ತಿದೆಯೆಂದು ನನಗೆ ಒಳಗೊಳಗೇ ಹಿಗ್ಗು.

ಪರೀಕ್ಷೆಗೆಂದು ಅವಳನ್ನು ಕೂರಿಸಿಕೊಂಡು, ಗಂಗೆಯ ಮೇಲೆ ತೇಲುವ ಪೀಪಾಯಿಗಳ ಸೇತುವೆ ದಾಟಿ ರಾಮನಗರದ ಕಡೆಯ ಮರಳಿಗೆ ಗಾಡಿ ನುಗ್ಗಿಸಿದೆ. "ಈಗ ನೋಡು!" ಎಂದು ನಾಲ್ಕು ಚಕ್ರದ ಗೇರು ಎಳೆದೆ. ಮುಂದಿನ ಚಕ್ರಗಳು ಧ್ಯಾನಕ್ಕೆ ಕೂತವು. ಹಿಂದಿನವು ಮರಳು ತೋಡಿಕೊಂಡು ಪಾತಾಳಕ್ಕೆ ಇಳಿಯತೊಡಗಿದವು. ಆಮೇಲೆ ತಿಳಿಯಿತು, ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಶಾಫ್ಟನ್ನು ಛೇದಿಲಾಲ್ ಕಳಚಿ ಮೂಲೆಗಿಟ್ಟಿದ್ದನಂತೆ. ಕೇಳಿದರೆ, "ಬಹುತ್ ಆವಾಜ್ ಕರತ್ ರಹಾ" ಎಂದ. ಸದ್ದು ಮಾಡುತ್ತಿತ್ತಂತೆ! ಅವನ ಲೆಕ್ಕದಲ್ಲಿ ರೋಗ ಹೋಯಿತು.

ಮರಳಿನಲ್ಲಿ ಹೂತ ಗಾಡಿಯೊಳಗೆ ಮೈತ್ರೇಯಿ ಚಿತ್ರಾನ್ನದ ಡಬ್ಬಿ ಬಿಚ್ಚಿದಳು.

"ಇಲ್ಲೇ ಡೇರೆ ಹಾಕೋಣ ಅಲ್ವಾ? ಆಚೆ ದಡದಲ್ಲಿ ನಮ್ಮನೆ ಚೆನ್ನಾಗಿ ಕಾಣಿಸ್ತಿದೆ."

ಕಲ್ಲಂಗಡಿ ಪಾತಿಗೆ ಗೊಬ್ಬರ ತಂದಿದ್ದ ಟ್ರ್ಯಾಕ್ಟರು ನಮ್ಮನ್ನು ಎಳೆದು ಹಾಕಿತು. ಹಿಂದಿರುಗುವಾಗ ಹರಿಶ್ಚಂದ್ರ ಘಾಟ್‌ಗೆ ಇಳಿಯುವ ರಸ್ತೆಯ ಬಳಿ ದಟ್ಟಣೆಯಲ್ಲಿ ನಿಂತೆವು. ತಲೆ ಬೋಳಿಸಿಕೊಂಡ ಹಿರಿಯರೊಬ್ಬರು ನೆತ್ತಿಯ ಮೇಲಿನ ಮಂಚವನ್ನೂ ಅದಕ್ಕೆ ಸುತ್ತಿದ್ದ ಬಿಳಿ ಬಟ್ಟೆಯನ್ನೂ ಹಗ್ಗವನ್ನೂ ನೋಡಿ, ಕೈಮುಗಿದು, "ಬಾಬೂ, ಗಾಂವ್ ಸೇ ಮಿಟ್ಟಿ ಲೇ ಆಯೇಂಗೇ?" ಎಂದರು. ಹಳ್ಳಿಯಿಂದ ಹೆಣ ತಂದುಕೊಡುತ್ತೀರಾ ಎಂದು!

ನಾನು ಬೆವತೆ. ಮೈತ್ರೇಯಿ ಹಣೆ ಒತ್ತಿಕೊಂಡಳು.

"ಆ ಥರದ ನೆಂಟರೊಬ್ಬರು ಬಾಕಿ ಇದ್ದರು."

ಮರುದಿನವೇ ಬಿಳಿ ಬಟ್ಟೆ ಕಿತ್ತು ಮಂಚಕ್ಕೆ ಗಿಳಿಹಸಿರು ಬಣ್ಣ ಬಳಿಸಿದೆ. ಶಾಫ್ಟು ಮರಳಿ ಕೂತಿತು. ಅಷ್ಟರಲ್ಲಿ ಮೈಸೂರಿನಿಂದ ನನ್ನ ಸೋದರತ್ತೆ ತಾರಾದೇವಿಯ ಫೋನು ವಿಶ್ವವಿದ್ಯಾಲಯದ ನಮ್ಮ ವಿಭಾಗಕ್ಕೇ ಬಂತು. ತಾಯಿ ಇಲ್ಲದ ನನಗೆ ತುತ್ತು ಮಾಡಿ ತಿನ್ನಿಸಿ ಬೆಳೆಸಿದವರು ಈ ಅತ್ತೆ.

"ಕೃಷ್ಣಾ, ಸಂಕ್ರಾಂತಿಗೆ ಕಾಶಿಗೆ ಬರ್ತಿದೀವಿ ಕಣೋ. ಪ್ರಯಾಗದಲ್ಲಿ ಮಾಘಸ್ನಾನ, ಗಯೆಯಲ್ಲಿ ಪಿಂಡ."

ಎದೆ ಕಲ್ಲು ಮಾಡಿಕೊಂಡೆ. "ನಾವು ಊರಲ್ಲೇ ಇರಲ್ಲ ಅತ್ತೆ. ಯೂನಿವರ್ಸಿಟಿ ಕೆಲಸ, ಹೊರಗೆ ಹೋಗ್ತಿದೀವಿ. ಮನೆಗೆ ಬೀಗ!"

"ಹೌದಾ? ಆಯ್ತು ಬಿಡು ಮಗೂ. ನಮ್ಮ ದಾರಿ ನಾವು ನೋಡ್ಕೋತೀವಿ."

ಇಷ್ಟು ಸುಲಭವೇ! ಗೆದ್ದೆ! ಇಷ್ಟು ವರ್ಷ ಒಂದೇ ಒಂದು ಸುಳ್ಳು ಹೇಳಲು ನನಗೇನು ಧಾಡಿಯಾಗಿತ್ತು?

ಹೊರಡುವ ಬೆಳಿಗ್ಗೆ ಊರಿಗೆಲ್ಲ ಮಂಜು ಮುಸುಕಿತ್ತು. ಮೈತ್ರೇಯಿ ಸೀರೆಯ ಕೆಳಗೆ ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಅವಳ ಮುಖದಲ್ಲಿ ಅಷ್ಟು ಖುಷಿಯನ್ನು ನೋಡಿ ನನಗೇ ಬಹಳ ಕಾಲವಾಗಿತ್ತು. "ಚೌಕದ ಹತ್ತಿರ ಹಾರ್ನ್ ಮಾಡ್ತೀನಿ, ಓಡಿ ಬಾ" ಎಂದು ರಿಕ್ಷಾ ಹತ್ತಿ ಮಠಕ್ಕೆ ಹೋದೆ.

ಅಂಗಳದಲ್ಲಿ ಗಾಡಿ ನಿಂತಿತ್ತು. ಒಳಗಿನಿಂದ ಹೊಗೆ ಬರುತ್ತಿತ್ತು. ಬೆಂಕಿ ಬಿತ್ತೆಂದು ಓಡಿದೆ. ಬೆಂಕಿಯಲ್ಲ, ಫಿಲ್ಟರ್ ಕಾಫಿಯ ಹಬೆ! ನೆತ್ತಿಯ ಮಂಚದ ಮೇಲೆ ಮಡಿ ಪಂಚೆಗಳು ಒಣಗುತ್ತಿದ್ದವು. ಲಾಟೀನಿನ ಗೂಡಿನಲ್ಲಿ ಸಾಲಿಗ್ರಾಮ ಕೂತಿತ್ತು. ಎರಡೂ ಬೆಂಚಿನ ತುಂಬ ಮಂಕಿ ಟೋಪಿಯೊಳಗಿಂದ ನನ್ನ ವಂಶದ ಮೂಗುಗಳು ಸಾಲಾಗಿ ಇಣುಕುತ್ತಿದ್ದವು. ಹೂವಿನ ಪರದೆ ಸರಿಸಿಕೊಂಡು ತಾರಾದೇವಿ ಅತ್ತೆ ಹೊರಬಂದು, ಕಂಬಿ ಹಿಡಿದು, ಮೆಟ್ಟಿಲ ಮೇಲೆ ನಿಂತರು.

"ನಿನಗೆ ತೊಂದರೆ ಕೊಡಬಾರದು ಅಂತ ಸೀದಾ ಮಠಕ್ಕೇ ಬಂದ್ವಿ ಕಣೋ. ನೋಡಿದರೆ ಇಲ್ಲಿ ಗಾಡಿ! ಯಾರದು ಅಂದೆ. ಕುಮಾರಯ್ಯನವರು ಬಾಯೇ ಬಿಡಲಿಲ್ಲ. ನಾನೇ, ನಮ್ಮ ಕೃಷ್ಣನದಾ ಅಂದೆ. ತಲೆ ಅಲ್ಲಾಡಿಸಿದರು."

ಕುಮಾರಯ್ಯನವರು ಕಂಬದ ಮರೆಯಲ್ಲಿ ನಿಂತು, "ಒಂದು ಮಾತೂ ಆಡಿಲ್ಲ ನೋಡ್ರಿ ಸರ್" ಎಂದರು.

"ಯೂನಿವರ್ಸಿಟಿ ಕೆಲಸ ಅಂತ ನನ್ನ ಹತ್ರಾನೇ ನಾಟಕ ಆಡ್ತೀಯಾ?" ಅತ್ತೆಯ ಕಣ್ಣಲ್ಲಿ ನೀರು. "ಮಂಡಿನೋವಿನವಳು ನಾನು, ನನಗೋಸ್ಕರ ಮೆಟ್ಟಿಲು ಮಾಡಿಸಿದೀಯ. ಮಡಿ ನೀರಿಗೆ ಡ್ರಮ್ಮು, ದೇವರಿಗೆ ಗೂಡು. ಹೆತ್ತ ಮಗನೂ ಇಷ್ಟು ಮಾಡಲ್ಲ ಕಣೋ!"

ತುತ್ತು ತಿನ್ನಿಸಿದ ಕೈ ನನ್ನ ತಲೆಯ ಮೇಲಿತ್ತು. "ಹಿ ಹಿ, ಆಶ್ಚರ್ಯ ಆಗಲಿ ಅಂತ..." ಎಂದುಬಿಟ್ಟೆ!

ಹಾರ್ನ್ ಮಾಡುವ ಧೈರ್ಯವಾಗದೆ ಮನೆಗೆ ನಡೆದೇ ಹೋದೆ. ಮೈತ್ರೇಯಿ ಎದ್ದು ನಿಂತಳು. ನನ್ನ ಮುಖ ನೋಡಿ ಮತ್ತೆ ಕೂತಳು.

"ಎಷ್ಟು ಜನ?"

"ಬೆಂಚು ಹಿಡಿಯುವಷ್ಟು. ಮುಂದೆ ನನ್ನ ಪಕ್ಕ ನಿನಗೊಂದು ಜಾಗ ಇದೆ ಮೈತ್ರೇಯಿ..."

"ಎಷ್ಟು ದಿನ?"

"ಪ್ರಯಾಗ, ಗಯಾ... ಒಂದು ವಾರ."

ಅವಳು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದಳು. ತಲೆ ತಗ್ಗಿಸಿದ್ದಳು, ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೆಂದೇ ತಿಳಿದೆ. "ನಾನು ಬರಲ್ಲ. ನೀವು ಹೋಗಿಬನ್ನಿ" ಎಂದಳು.

ಆ ವಾರ ನಾನು ಪಟ್ಟ ಪಾಡು! ಪ್ರಯಾಗದ ಕೆಸರಿನಲ್ಲಿ ನಾಲ್ಕು ಚಕ್ರದ ಗೇರು ಅದ್ಭುತವಾಗಿ ಕೆಲಸ ಮಾಡಿತು, ನೋಡಬೇಕಾದವಳೇ ಪಕ್ಕದಲ್ಲಿರಲಿಲ್ಲ. ಬೆಳಗಾದರೆ ನೀರು ಕಾಯಿಸು, ಸಂಜೆಯಾದರೆ ಬಿಸಿ ಅನ್ನ ಇಳಿಸು. ಒಬ್ಬರಿಗೆ ಕಾಫಿ ಗಟ್ಟಿ, ಒಬ್ಬರಿಗೆ ತೆಳು. ಒಬ್ಬರು ಇಳಿದರೆ ಹತ್ತುವುದಿಲ್ಲ, ಹತ್ತಿದರೆ ಕೂರುವುದಿಲ್ಲ. ಎರಡೇ ದಿನಕ್ಕೆ ನನ್ನ ಕುಣಿಯುವ ಮೊಣಕಾಲು ಮರಗಟ್ಟಿತು. ಮೈತ್ರೇಯಿ ವರ್ಷಗಟ್ಟಲೆ ಮಾಡುತ್ತಿದ್ದುದು ಇದನ್ನೇ ಎಂದು ಸ್ಟವ್ವಿಗೆ ಪಂಪು ಹೊಡೆಯುವಾಗ ಮೊದಲ ಬಾರಿಗೆ ಹೊಳೆಯಿತು. ಮನೆಗೆ ಹೋದ ಕೂಡಲೇ ಅವಳ ಕ್ಷಮೆ ಕೇಳಿ, ಮರುದಿನವೇ ಜಲಪಾತಕ್ಕೆ ಕರೆದೊಯ್ಯುವುದೆಂದು ಶಪಥ ಮಾಡಿದೆ.

ಅತ್ತೆಯ ಬಳಗವನ್ನು ರೈಲು ಹತ್ತಿಸಿ, ಇಂಗಿನ ವಾಸನೆ ಹೊಡೆಯುತ್ತ ಮನೆಯ ಬಾಗಿಲಲ್ಲಿ ನಿಂತೆ. ಮೈತ್ರೇಯಿ ಮಹಡಿಯ ಬಿಸಿಲಲ್ಲಿ ಕಾಲು ಚಾಚಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದಳು. ಮುಖ ತುಂಬಿಕೊಂಡು ಹತ್ತು ವರ್ಷ ಚಿಕ್ಕವಳಾಗಿದ್ದಳು!

"ಅತ್ತು ಅತ್ತು ಸೊರಗಿರ್ತೀಯ ಅಂದ್ಕೊಂಡಿದ್ದೆ" ಎಂದೆ.

"ಅಳೋದಾ? ಆವತ್ತು ನಗು ತಡ್ಕೊಳ್ಳಕ್ಕೆ ಆಗದೆ ಒದ್ದಾಡ್ತಿದ್ದೆ ಕಣ್ರೀ. ಬೆಳಿಗ್ಗೆ ಅಂಗಡಿಯಿಂದ ಕಚೌರಿ, ಜಿಲೇಬಿ. ಮಧ್ಯಾಹ್ನ ನಿದ್ದೆ. ಸಂಜೆ ಒಬ್ಬಳೇ ದೋಣಿ. ಈ ಮನೆಗೆ ಬಂದ ಮೇಲೆ ಇದೇ ಮೊದಲು, ನೆಂಟರಿಲ್ಲ, ಒಲೆಯಿಲ್ಲ, ಮೇಜು ನಡುಗಲ್ಲ!"

"ಹಾಗಾದರೆ ಜಲಪಾತ? ನಾಳೆಯೇ ಹೊರಡೋಣ!"

"ಜಲಪಾತ ಎಲ್ಲಿ ಹೋಗುತ್ತೆ? ಈಗ ನಿಮಗೆ ಬಿಡುವಿರಲ್ಲ." ಅವಳು ಒಂದು ಕಡಲೆಬೀಜ ಬಾಯಿಗೆ ಹಾಕಿಕೊಂಡಳು. "ನಿನ್ನೆ ಎಸ್‌ಟಿಡಿ ಬೂತಿಗೆ ಹೋಗಿ ನಿಮ್ಮ ಕಡೆಯವರಿಗೆ, ನಮ್ಮ ಕಡೆಯವರಿಗೆ, ಎಲ್ಲರಿಗೂ ಫೋನ್ ಮಾಡಿ ಕರೆದಿದೀನಿ. ಮನೆಗಲ್ಲ, ಸೀದಾ ಗಾಡಿಗೆ. ಶಿವರಾತ್ರಿಗೆ ಒಂದು ತಂಡ. ಬೇಸಿಗೆ ರಜೆ ಪೂರ್ತಿ ಬದರಿ, ಕೇದಾರ. ಗುಡ್ಡ ಹತ್ತೋ ಗಾಡಿ ಅಲ್ವೇ ನಿಮ್ಮದು!"