ಓರೆಯಾದ ಕೆರೆ

ಎಲ್ಲಕ್ಕೂ ಮೂಲ ಮಾವನವರ ತೂಕ. ಅವರು ಎಡಕ್ಕೆ ಕೂತ ಕೂಡಲೇ ದೋಣಿ ಎಡಕ್ಕೆ ವಾಲಿತು. ನಡುವೆ ಕೂರಿಸಿದರೆ ನಡುವಿನ ಹಲಗೆ ನರಳಿತು. ಗಡಿಯಾರ ರಿಪೇರಿ ಮಾಡುವ ಅಳಿಯ ಮನೆಗೆ ಓಡಿ, ಉಗ್ರಾಣದ ಕತ್ತಲಲ್ಲಿ ಕೈಗೆ ಸಿಕ್ಕ ಮೂಟೆಯನ್ನು ಹೊತ್ತು ತಂದು ಮಾವನವರನ್ನು ಮತ್ತೆ ಎಡಕ್ಕೇ ಕೂರಿಸಿ, ಅದನ್ನು ದೋಣಿಯ ಬಲಗಡೆ ತಳಕ್ಕೆ ಇಳಿಸಿದ. ದೋಣಿ ತಕ್ಕಡಿಯಂತೆ ಸಮವಾಯಿತು.

ಸಮವಾಗಲೇಬೇಕಿತ್ತು. ಭಾನುವಾರದ ಬಟ್ಟೆ ಒಗೆತದಿಂದ ತಪ್ಪಿಸಿಕೊಳ್ಳಲೆಂದೇ ಅವನು ಈ ಹಳೇ ದೋಣಿ ಕೊಂಡಿದ್ದ. ಹೆಂಡತಿ ತೀರ್ಪು ಕೊಟ್ಟಿದ್ದಳು: "ಅಪ್ಪ ಒಂದು ಸುತ್ತು ಹೋಗಿ ಬರ್ಲಿ. ಅವರು ದೋಣಿ ಇರ್ಲಿ ಅಂದ್ರೆ ಇರ್ಲಿ. ಇಲ್ಲಾಂದ್ರೆ ಸಂಜೆನೇ ವಾಪಸ್ ಕೊಟ್ಟು ಬನ್ನಿ."

ಕರೆಯದೆಯೇ ಹತ್ತಿ ಕೂತವರು ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಕಣ್ಣಿಗೆ ಬಿದ್ದವರೆಲ್ಲ ವಿದ್ಯಾರ್ಥಿಗಳೇ.

ದೋಣಿ ಒಂದಿಷ್ಟು ಸೋರುತ್ತಿತ್ತು. ಅಳಿಯ ಎರಡು ಸಲ ಹುಟ್ಟು ಹಾಕಿ, ಒಂದು ಚೊಂಬು ನೀರು ಮೊಗೆದು ಹಿಂದಕ್ಕೆ ಚೆಲ್ಲಿ, ಮತ್ತೆ ಹುಟ್ಟು ಹಿಡಿಯುತ್ತಿದ್ದ. ಮುಖದ ಮೇಲಿನ ನಗು ಮಾತ್ರ ಕದಲಲಿಲ್ಲ.

"ಅಳಿಯಂದ್ರೆ, ಕೆರೆ ಯಾಕೆ ನೊರೆ ಕಾರ್ತಿದೆ?" ಎಂದರು ಮಾವ.

ನೋಡಿದರೆ ದೋಣಿಯ ಹಿಂದೆ ಉದ್ದಕ್ಕೂ ಬೆಳ್ಳನೆಯ ನೊರೆ.

"ತಳದಲ್ಲಿ ಎಲೆ ಕೊಳೆತು ಅನಿಲ ಏಳ್ತಿದೆ," ಎಂದರು ಮೇಷ್ಟ್ರು. "ಈ ಜಾಗ ಬಿಟ್ಟುಬಿಡಿ, ಏನೂ ಇರಲ್ಲ."

ಜಾಗ ಬಿಟ್ಟರು. ನೊರೆ ಬಿಡಲಿಲ್ಲ. ಬಲಕ್ಕೆ ತಿರುಗಿದರೆ ಬಲಕ್ಕೆ ಬಂತು, ದಡದತ್ತ ಹೋದರೆ ದಡದತ್ತಲೂ ಬಂತು. ಅಳಿಯನಿಗೆ ತಲೆಬುಡ ತಿಳಿಯಲಿಲ್ಲ. ಗಡಿಯಾರ ಕೆಟ್ಟರೆ ಮುಚ್ಚಳ ತೆಗೆದು ನೋಡಬಹುದು. ಕೆರೆಗೆ ಮುಚ್ಚಳ ಎಲ್ಲಿದೆ?

"ಅನಿಲ ನಮ್ಮ ಬೆನ್ನೇ ಯಾಕೆ ಹತ್ತಿದೆ ಮೇಷ್ಟ್ರೆ?" ಮಾವ ಕೇಳಿದರು.

ಮೇಷ್ಟ್ರು ಮೆಲ್ಲಗೆ ಎರಡೂ ಕಾಲುಗಳನ್ನು ಹಲಗೆಯ ಮೇಲಕ್ಕೆ ಎಳೆದುಕೊಂಡರು. ಅದನ್ನು ಕಂಡು ಉಳಿದಿಬ್ಬರಿಗೂ ನಿಜವಾದ ಭಯ ಹುಟ್ಟಿತು.

ಸ್ವಲ್ಪ ಹೊತ್ತಿಗೆ ಮಾವ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದರು. "ಅಳಿಯಂದ್ರೆ, ಈಗ ಕೆರೆ ಓರೆಯಾಗ್ತಿದೆ."

ಹೌದು. ಎಡಗಡೆಯ ನೀರು ಅವರ ಮೊಣಕೈವರೆಗೆ ಏರಿತ್ತು. ಬಲಗಡೆಯದು ಎಲ್ಲೋ ಕೆಳಗಿತ್ತು.

"ನಿಂತ ನೀರು ಓರೆಯಾಗಲ್ಲ," ಎಂದರು ಮೇಷ್ಟ್ರು. ಖಾತ್ರಿ ಮಾಡಿಕೊಳ್ಳಲು ತಾವೂ ಎಡಕ್ಕೇ ಬಾಗಿದರು. ಮರುಕ್ಷಣ ಮೂವರೂ ನೀರಿನಲ್ಲಿದ್ದರು.

ದಡ ಹತ್ತಿರವಿತ್ತು, ನೀರು ಸೊಂಟದವರೆಗೆ, ನೊರೆ ಕುತ್ತಿಗೆಯವರೆಗೆ. ಗಲಾಟೆ ಕೇಳಿ ಹೆಂಡತಿಯೂ ಅಕ್ಕಪಕ್ಕದ ಹೆಂಗಸರೂ ಓಡಿ ಬಂದರು. ತೇಲಿ ಬಂದ ಮೂಟೆಯ ಖಾಲಿ ಚೀಲವನ್ನು ಅವಳು ಎತ್ತಿ ಹಿಡಿದಳು.

"ಇದು ನಾಲ್ಕು ಮನೆಯವರು ಸೇರಿ ತಂದಿಟ್ಟ ಸೋಪಿನ ಪುಡಿ ಅಲ್ವೇನ್ರೀ?"

ಅಳಿಯ ದೋಣಿಯ ಆಸೆ ಬಿಟ್ಟ. ಅಷ್ಟರಲ್ಲಿ ದಡ ಹತ್ತಿದ ಮಾವ ತಮ್ಮ ಅಂಗಿಯ ಜೇಬನ್ನೇ ನೋಡುತ್ತ ನಿಂತರು. ಇಷ್ಟು ವರ್ಷ ಯಾರು ಎಷ್ಟು ತಿಕ್ಕಿದರೂ ಹೋಗದಿದ್ದ ಮಸಿಯ ಕಲೆ ಈಗ ಅಲ್ಲಿರಲಿಲ್ಲ.

"ಮಗಳೇ, ದೋಣಿ ಇರ್ಲಿ," ಎಂದರು. "ಇಂಥದ್ದೊಂದು ಮನೆಗೆ ಬೇಕು."

ಅಳಿಯನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

"ಅಪ್ಪ ಹೇಳಿದ ಮೇಲೆ ಮುಗೀತು," ಎಂದಳು ಹೆಂಡತಿ, ಸೆರಗು ಸಿಕ್ಕಿಸಿಕೊಳ್ಳುತ್ತ. "ಎಲ್ಲರೂ ಒಂದೊಂದು ಕಡೆ ಹಿಡೀರಿ."

ಸಂಜೆಯ ಹೊತ್ತಿಗೆ ದೋಣಿ ಹಿತ್ತಲಿನ ನಲ್ಲಿಯ ಕೆಳಗೆ ಕೂತಿತ್ತು. ಹಾಳು ಮಾಡಿದ ಪುಡಿಗೆ ದಂಡವಾಗಿ ನಾಲ್ಕು ಮನೆಯ ಬಟ್ಟೆ ಅದರಲ್ಲಿ ನೆನೆದಿತ್ತು; ಅಳಿಯ ಪ್ಯಾಂಟು ಮಡಚಿ ಒಳಗೆ ನಿಂತು ತುಳಿಯುತ್ತಿದ್ದ. ಮೇಷ್ಟ್ರು ಬೇಲಿಯಾಚೆಯಿಂದ ನೊರೆ ಹೇಗೆ ಹುಟ್ಟುತ್ತದೆಂದು ವಿವರಿಸುತ್ತಿದ್ದರು.

ಕುರ್ಚಿ ಹಾಕಿಕೊಂಡು ಕೂತಿದ್ದ ಮಾವ ಹೇಳಿದರು: "ಸ್ವಲ್ಪ ಬಲಕ್ಕೂ ತುಳೀರಿ ಅಳಿಯಂದ್ರೆ. ದೋಣಿ ವಾಲ್ತಿದೆ."