ಪಂಚಾಮೃತದ ಆರನೆಯ ಪದಾರ್ಥ

ನಿವೃತ್ತಿಯಾಗುವವರೆಗೂ ಹಾಸನದ ಕಾಲೇಜೊಂದರಲ್ಲಿ ಸೂಕ್ಷ್ಮಾಣುಜೀವಿಶಾಸ್ತ್ರ ಕಲಿಸಿದವಳು ನಾನು. ನನ್ನ ಪಾಠ ಕೇಳಿದ ದಡ್ಡರು ಕೂಡ ಹಾಲನ್ನು ಕಾಸಿಯೇ ಕುಡಿಯುತ್ತಾರೆ. ಫೇಲಾದವರು ಒಬ್ಬರೇ, ನಮ್ಮ ಯಜಮಾನರು ಗಂಗಾಧರಯ್ಯ. (ಹಾಜರಾತಿ ಕಡಿಮೆ ಎಂಬ ನೆಪವೂ ಇಲ್ಲ, ಪಾಠ ಮನೆಯಲ್ಲೇ ನಡೆಯುತ್ತಿತ್ತು.)

ಅವರಿಗೆ ಫೋನಿನಲ್ಲಿ ಒಬ್ಬ ಗಡ್ಡದ ಮಹಾನುಭಾವರ ದರ್ಶನವಾಯಿತು. ಕರೆದ ಹಾಲನ್ನು ಕಾಸದೆ, ನೊರೆ ಆರುವ ಮೊದಲೇ ಕುಡಿದರೆ ಮಂಡಿನೋವು ಮಂಗಮಾಯವಂತೆ. ಮರುದಿನದಿಂದಲೇ ಸ್ಕೂಟರಿನಲ್ಲಿ ಶಾಂತಿಗ್ರಾಮದ ಪುಟ್ಟತಾಯಮ್ಮನ ಕೊಟ್ಟಿಗೆಗೆ ಹೋಗಿ, ಅಲ್ಲೇ ಒಂದು ಲೋಟ ಏರಿಸಿ, ಮನೆಗೆ ಬೇಕಾದ ಹಾಲನ್ನು ಕ್ಯಾನಿನಲ್ಲಿ ತರತೊಡಗಿದರು. ಬಾಗಿಲಲ್ಲಿ ನಿಂತರೆ ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಯ ಕಳೆ.

ಕ್ಷಯ, ವಿಷಮಶೀತ ಜ್ವರ, ಹಸು ಕಂದು ಹಾಕುವಂತೆ, ಅಂದರೆ ಗರ್ಭ ಇಳಿಯುವಂತೆ, ಮಾಡುವ ರೋಗಾಣು ಮನುಷ್ಯನಿಗೂ ಹತ್ತಿ ತಿಂಗಳುಗಟ್ಟಲೆ ಕಾಡುವ ಬಗೆ, ಎಲ್ಲವನ್ನೂ ವಿವರಿಸಿದೆ.

"ನಮ್ಮಜ್ಜ ನೊರೆಹಾಲು ಕುಡಿದೇ ತೊಂಬತ್ತು ವರ್ಷ ಬದುಕಿದ್ದ ಕಣೇ," ಎಂದರು.

ಅಜ್ಜನ ಒಡಹುಟ್ಟಿದವರೆಲ್ಲ ಎಷ್ಟು ದಿನ ಬದುಕಿದ್ದರು ಎಂದು ಕೇಳಿದೆ. ಅವರಿಗೆ ಸ್ಕೂಟರಿಗೆ ಪೆಟ್ರೋಲು ಹಾಕಿಸುವುದು ನೆನಪಾಯಿತು.

ಅವರ ಹೊಟ್ಟೆ, ಅವರ ಹಣೆಬರಹ ಎಂದು ಬಿಡಬಹುದಿತ್ತು. ಆದರೆ ಸೊಸೆ ಧನ್ಯಾ ಐದು ತಿಂಗಳ ಬಸುರಿ. ಹಿಂದೊಮ್ಮೆ ಗರ್ಭ ನಿಂತಿರಲಿಲ್ಲ. ಹಸಿ ಹಾಲಿನ ಒಂದು ಗುಟುಕೂ ಅವಳಿಗೆ ಅಪಾಯ. ನಾನು ಅಡುಗೆಮನೆಯಲ್ಲಿ ತುರ್ತುಪರಿಸ್ಥಿತಿ ಘೋಷಿಸಿದೆ. ಹಾಲು ಬಂದ ಕೂಡಲೇ ಒಲೆಗೆ, ಕ್ಯಾನು ಬಿಸಿನೀರಿಗೆ, ಅದನ್ನು ಹಿಡಿದ ಯಜಮಾನರು ಸೋಪಿಗೆ.

ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಅಭಿಷೇಕಕ್ಕೆ ಕಾಸಿದ ಹಾಲು ಬರುವುದಿಲ್ಲ, ಒಂದು ಚೊಂಬು ಬೇರೆಯಾಗಿ ತಂದಿಡಿ ಎಂದವಳು ನಾನೇ. ಯಜಮಾನರು ಮರುಮಾತಾಡದೆ ತಂದಿಟ್ಟರು. (ಆಗಲೇ ನನಗೆ ಅನುಮಾನ ಬರಬೇಕಿತ್ತು.) ಪೂಜೆ ಮುಗಿಯಿತು. ಪುಟ್ಟತಾಯಮ್ಮನೂ ಬಂದಿದ್ದಳು. ಅವಳಿಗೆ, ಪಕ್ಕದ ಮನೆಯ ಅನಸೂಯಮ್ಮನಿಗೆ ಪಂಚಾಮೃತ ಕೊಟ್ಟು ಸೊಸೆಯ ಕಡೆ ತಿರುಗಿದೆ. ಅವಳು ಕೈಯೊಡ್ಡಿ ಮೆಲ್ಲಗೆ ಕೇಳಿದಳು:

"ಅತ್ತೆ, ಇದು ಕಾಸಿದ್ದಾ?"

ಪಂಚಾಮೃತವನ್ನು ನಾನು ಜನ್ಮದಲ್ಲಿ ಹಾಲೆಂದು ಎಣಿಸಿದವಳಲ್ಲ. ಅದು ತೀರ್ಥದ ಇಲಾಖೆಗೆ ಸೇರಿದ್ದು. ಕೈಯಲ್ಲಿದ್ದ ಉದ್ಧರಣೆಯನ್ನು ಬಟ್ಟಲಿಗೆ ವಾಪಸು ಹಾಕಿದೆ. ಯಾರೂ ಕುಡಿಯಕೂಡದೆಂದು ಸಾರಿದೆ. ಪ್ರಸಾದಕ್ಕೆ ದೋಷವಿಲ್ಲ ತಾಯಿ ಎಂದರು ಪೂಜೆಯ ಅಯ್ನೋರು. ರೋಗಾಣುಗಳಿಗೆ ಮಂತ್ರ ಬರುವುದಿಲ್ಲವೆಂದು ಶುರುಮಾಡಿ, ಒಂದು ಪೂರ್ತಿ ಪೀರಿಯಡ್ಡು ಪಾಠ ಮಾಡಿ, ಬಟ್ಟಲನ್ನು ದಾಸವಾಳದ ಬುಡಕ್ಕೆ ಸುರಿದು ಬಂದೆ. ಅನಸೂಯಮ್ಮ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು.

ಆಗ ಯಜಮಾನರು ಗಂಟಲು ಸರಿಮಾಡಿಕೊಂಡರು. "ಕಾಮಾಕ್ಷಿ, ಅದು ಕಾಸಿದ ಹಾಲೇ."

"ಊ ಕಣ್ರವ್ವ," ಎಂದಳು ಪುಟ್ಟತಾಯಮ್ಮ. "ನಮ್ಮನೆ ಒಲೆ ಮ್ಯಾಲೇ ಕಾಸಿ, ಆರಿಸ್ಕಂಡು ತಂದವ್ರೆ. ಓದ ವಾರ ನಮ್ಮ ಕೆಂಪಿ ಅಸು ಕಂದಾಕ್ತು. ಡಾಕ್ಟ್ರು ಬಂದು ಎಲ್ಲಾ ಅಸುಗಳ ರಕ್ತ ತಕ್ಕಂಡೋದ್ರು. ಅವತ್ತಿಂದ ಇವ್ರು ಅಸಿ ಆಲು ಮುಟ್ಟಿಲ್ಲ. ಕಾಪಿ ಕುಡ್ಕಂಡ್ ಬತ್ತಾವ್ರೆ."

"ರೀ, ಹೇಳೋಕೇನಾಗಿತ್ತು?"

"ನೊರೆಹಾಲು ಬಿಟ್ಟೆ ಅಂದ್ರೆ ನೀನು ಗೆದ್ದಂಗಾಗ್ತಿತ್ತು. ದೇವರ ಹಾಲು ಕಾಸ್ತೀನಿ ಅಂದ್ರೆ ನೀನು ಬಿಡ್ತಿರಲಿಲ್ಲ. ಇನ್ನು ನೀನು ಪಾಠ ಮಾಡುವಾಗ ಮಧ್ಯೆ ಬಾಯಿ ಹಾಕೋ ಅಭ್ಯಾಸ ನನಗಿಲ್ಲ."

ಕಣ್ಣೀರು, ಹರಕೆ ನನ್ನ ಜಾಯಮಾನಕ್ಕೆ ಒಗ್ಗಿದ್ದಲ್ಲ. ಆದರೂ ಆ ಕ್ಷಣ ಸತ್ಯನಾರಾಯಣನಿಗಿಂತ ಮೊದಲು ಈ ಮನುಷ್ಯನಿಗೇ ಕೈಮುಗಿಯಬೇಕೆನಿಸಿತು. ಮುಗಿಯಲಿಲ್ಲ, ಅವರನ್ನು ಅಟ್ಟಕ್ಕೇರಿಸಿದ ಮೇಲೆ ಇಳಿಸುವವರು ಯಾರು? (ಬದಲಿಗೆ ಮರುದಿನ ಅವರನ್ನು ರಕ್ತಪರೀಕ್ಷೆಗೆ ಎಳೆದುಕೊಂಡು ಹೋದೆ, ತಿಂಗಳು ಬಿಟ್ಟು ಇನ್ನೊಮ್ಮೆ. ಏನೂ ಇಲ್ಲವೆಂದು ತಿಳಿದ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದೆ.)

ಅಡುಗೆಮನೆಯ ಹಾಲಿನಲ್ಲಿ ಎರಡನೆಯ ಪಂಚಾಮೃತ ಕಲಸಿ ತಂದೆ. ಧನ್ಯಾ ಮತ್ತೆ ಕೈಯೊಡ್ಡಿದಳು.

"ಇದು ಕಾಸಿದ್ದೇ," ಎಂದೆ, ವಿಭಾಗದ ಮುಖ್ಯಸ್ಥೆಯ ದನಿಯಲ್ಲಿ.

ಧನ್ಯಾ, ಅನಸೂಯಮ್ಮ, ಪುಟ್ಟತಾಯಮ್ಮ, ಕೊನೆಗೆ ಅಯ್ನೋರು ಕೂಡ ಗಂಗಾಧರಯ್ಯನವರ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆಯೇ ನನ್ನ ಸೊಸೆ ಕುಡಿದಳು.