ಹಯಾಶಿಯವರ ಮೂರು ಗೋಲು

ನನ್ನದು ಅನುಮಾನದ ಬುದ್ಧಿ. ಹೆಂಡತಿ ಸುಮಾ ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುವುದು ಕ್ಷೇಮ. ಮಾವಿನಹಣ್ಣಿನ ಡಬ್ಬದ ಮೇಲೆ ‘ಸಿಹಿ ಗ್ಯಾರಂಟಿ’ ಎಂದು ಬರೆದಿದ್ದರೆ, ನಿಜವಾಗಿ ಸಿಹಿಯಾಗಿದ್ದರೆ ಯಾಕೆ ಬರೆಯುತ್ತಿದ್ದರು ಎಂಬುದು ನನ್ನ ತರ್ಕ. ಗೆಳೆಯರು ಫೋನ್ ಮಾಡಿ “ಸುಮ್ನೆ ಮಾಡ್ದೆ ಕಣೋ” ಎಂದರೆ, ಇವನಿಗೆ ಬೇಕಾಗಿರುವುದು ಏರ್‌ಪೋರ್ಟಿಗೆ ಕಾರೋ ಅಥವಾ ಮನೆ ಬದಲಾಯಿಸುವಾಗ ಸೋಫಾ ಹೊರುವ ಹೆಗಲೋ ಎಂದು ಮಾತು ಮುಗಿಯುವವರೆಗೂ ಯೋಚಿಸುತ್ತಿರುತ್ತೇನೆ. ಸಾಮಾನ್ಯವಾಗಿ ಸೋಫಾವೇ ಆಗಿರುತ್ತದೆ.

ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ, ರೆಸ್ಯೂಮೆಯಿಂದ ಬಂದದ್ದು. ನಾನು ಮೈಸೂರಿನಿಂದ ಹ್ಯೂಸ್ಟನ್ನಿಗೆ ಬಂದಾಗ ನನಗಿದ್ದ ಅನುಭವ ಎರಡೇ ವರ್ಷ. ನನ್ನನ್ನು ಕರೆಸಿಕೊಂಡಿದ್ದ ಕನ್ಸಲ್ಟೆನ್ಸಿಯ ಅಂಕಲ್, ನಮ್ಮವರ ಅಂಗಡಿಗಳೇ ತುಂಬಿದ ಹಿಲ್‌ಕ್ರಾಫ್ಟಿನ ಹೋಟೆಲೊಂದರಲ್ಲಿ ಮಸಾಲೆ ದೋಸೆ ಕೊಡಿಸಿ, ಚಟ್ನಿ ಹತ್ತಿದ ಬೆರಳನ್ನು ಒರೆಸಿಕೊಂಡು, ನನ್ನ ಕಾಗದದಲ್ಲಿ ಎರಡನ್ನು ಆರು ಮಾಡಿದರು. “ಎಲ್ಲಾರೂ ಮಾಡ್ತಾರಪ್ಪ. ಇಂಟರ್‌ವ್ಯೂನಲ್ಲಿ ಕಣ್ಣು ಮಿಟುಕಿಸ್ಬೇಡ, ಅಷ್ಟೆ.” ನಾನು ಮಿಟುಕಿಸಲಿಲ್ಲ. ಹ್ಯೂಸ್ಟನ್ ಪಕ್ಕದ ದ ವುಡ್‌ಲ್ಯಾಂಡ್ಸ್‌ನ ಕಂಪನಿಯೊಂದರಲ್ಲಿ ಕೆಲಸವಾಯಿತು. ಅಂದಿನಿಂದ ಯಾರು ಯಾವ ಅಂಕಿ ಹೇಳಿದರೂ ಅದನ್ನು ಮೂರರಿಂದ ಭಾಗಿಸುವುದು ನನ್ನ ಪದ್ಧತಿ. ಹದಿನೈದು ವರ್ಷದ ಅನುಭವ ಎಂದರೆ ಐದು. ಬೆಂಗಳೂರಿನಲ್ಲಿ ಮೂರು ಸೈಟು ಎಂದರೆ ಒಂದು. ನಮ್ಮ ಮನೆಯಲ್ಲಿ ಇದು ಕಾನೂನೇ ಆಗಿಹೋಗಿದೆ. ಮಗಳು ಅನಘಾ ಮಗ್ಗಿ ಕಲಿಯುವ ಮೊದಲೇ ಈ ಭಾಗಾಕಾರ ಕಲಿತವಳು.

ಹೀಗಿರುವಾಗ, ನಾವೀಗ ಇರುವ ಡಾಲಸ್ ಪಕ್ಕದ ಅಲೆನ್‌ನಲ್ಲಿ ಹನ್ನೆರಡು ವರ್ಷದ ಅನಘಾಳ ಫುಟ್‌ಬಾಲ್ ತಂಡಕ್ಕೆ ಹಯಾಶಿ ಎಂಬ ಜಪಾನಿ ಕೋಚ್ ಬಂದರು. ಹದಿನಾಲ್ಕು ವರ್ಷ ವೃತ್ತಿಪರ ಆಟಗಾರರಾಗಿದ್ದರಂತೆ. ಏಳು ವರ್ಷ ಸ್ವದೇಶದಲ್ಲಿ, ಆಮೇಲೆ ಥಾಯ್ಲೆಂಡ್, ಪೋಲೆಂಡ್, ಲಾಟ್ವಿಯಾ. ಮೈದಾನಕ್ಕೆ ಕಾಲಿಡುವ ಮುನ್ನ ಗೇಟಿನಲ್ಲಿ ನಿಂತು ಖಾಲಿ ಹುಲ್ಲಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡುತ್ತಾರೆ. ಹೊರಡುವಾಗ ಇನ್ನೊಂದು ಸಲ. ಹುಲ್ಲಿಗೇ ಇಷ್ಟು ವಿನಯ ತೋರಿಸುವವರು ಏನನ್ನೋ ಮುಚ್ಚಿಡುತ್ತಿರಬೇಕು ಎಂದು ನನಗೆ ಮೊದಲ ದಿನವೇ ಅನ್ನಿಸಿತು.

ಮಡಚುವ ಕುರ್ಚಿಯನ್ನು ಅವರ ಪಕ್ಕಕ್ಕೇ ಎಳೆದುಕೊಂಡು ಕೂತು, ಒಟ್ಟು ಎಷ್ಟು ಗೋಲು ಹೊಡೆದಿದ್ದೀರಿ ಎಂದು ಕೇಳಿದೆ. ಅವರು ಮನಸ್ಸಿನಲ್ಲೇ ಎಣಿಸಿ “ಥ್ರೀ” ಎಂದರು. ನನ್ನ ತಲೆ ಕೆಟ್ಟುಹೋಯಿತು. ಸುಳ್ಳು ಹೇಳುವವನು ಮೂವತ್ತು ಎನ್ನುತ್ತಾನೆ. ಸ್ವಲ್ಪ ನಾಚಿಕೆಯಿದ್ದವನು ಹದಿನೈದು ಎನ್ನುತ್ತಾನೆ. ಮೂರು ಎನ್ನುವವರನ್ನು ಏನು ಮಾಡುವುದು? ಭಾಗಿಸಿದರೆ ಉಳಿಯುವುದು ಒಂದೇ ಗೋಲು. ಅಷ್ಟಕ್ಕೆ ನಾಲ್ಕು ದೇಶವೆ? ಜಪಾನ್ ಯಾಕೆ ಬಿಟ್ಟಿರಿ ಎಂದೆ. “ಕಾಂಟ್ರ್ಯಾಕ್ಟ್ ಫಿನಿಶ್ಡ್.” ಥಾಯ್ಲೆಂಡ್? “ಕಾಂಟ್ರ್ಯಾಕ್ಟ್ ಫಿನಿಶ್ಡ್.” ಪೋಲೆಂಡಿನದೂ ಅದೇ ಕತೆ. ನಾನು ಹ್ಯೂಸ್ಟನ್ ಬಿಟ್ಟು ಆಸ್ಟಿನ್‌ಗೆ, ಆಸ್ಟಿನ್ ಬಿಟ್ಟು ಡಾಲಸ್ ಕಡೆಗೆ ಬಂದದ್ದೂ ಪ್ರಾಜೆಕ್ಟ್ ಮುಗಿದೇ. ಆದರೆ ಕೇಳಿದವರಿಗೆಲ್ಲ ‘ಬೆಟರ್ ಆಪರ್ಚುನಿಟಿ’ ಎಂದೇ ಹೇಳಿಕೊಂಡು ಬಂದಿದ್ದೇನೆ. ಇದ್ದದ್ದನ್ನು ಇದ್ದ ಹಾಗೇ ಹೇಳುವವರನ್ನು ನಂಬುವುದಾದರೂ ಹೇಗೆ?

“ಅಪ್ಪಾ, ಹೀ ಈಸ್ ಅ ಡಿಫೆಂಡರ್!” ಎಂದು ಅನಘಾ ಕಾರಿನಲ್ಲಿ ಹಣೆ ಚಚ್ಚಿಕೊಂಡಳು. ಗೋಲು ಹೊಡೆಯುವುದಲ್ಲ, ಹೊಡೆಯಲು ಬಿಡದಿರುವುದು ಅವರ ಕೆಲಸವಂತೆ. ಕ್ರಿಕೆಟ್ಟಿನಲ್ಲಿ ಬೆಳೆದ ನನಗೆ ರನ್ನಿಲ್ಲದ ಆಟಗಾರ ಹೇಗೆ ಅರ್ಥವಾಗಬೇಕು? “ರೀ, ಪಾಪ ಆ ಮನುಷ್ಯ ಏನ್ ಮಾಡಿದಾರೆ ಅಂತ ಹೀಗೆ ಹಿಂದೆ ಬಿದ್ದಿದೀರಾ?” ಎಂದಳು ಸುಮಾ. ಏನೂ ಮಾಡಿಲ್ಲದಿರುವುದೇ ನನ್ನ ತಕರಾರಾಗಿತ್ತು.

ಅಷ್ಟರಲ್ಲಿ ನಮ್ಮೂರಿನ ಕ್ಲಬ್ಬು ಹುಡುಗಿಯರ ತಂಡವನ್ನೇ ಮುಚ್ಚಿತು. ಹಯಾಶಿಯವರಿಗೆ ವೀಸಾ ಇದ್ದದ್ದು ಆ ಕೆಲಸದ ಮೇಲೆ. ಎರಡು ತಿಂಗಳಲ್ಲಿ ಇನ್ನೊಂದು ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಆಸ್ಟಿನ್‌ನ ಒಂದು ಕ್ಲಬ್ಬಿನಲ್ಲಿ ಕೋಚ್ ಜಾಗ ಖಾಲಿ ಇತ್ತು. ‘ನಮ್ಮಪ್ಪ ರೆಸ್ಯೂಮೆಯಲ್ಲಿ ಎಕ್ಸ್‌ಪರ್ಟ್’ ಎಂದು ಅನಘಾ ಹೇಳಿಬಿಟ್ಟಿದ್ದಳು. ಭಾನುವಾರ ಮಧ್ಯಾಹ್ನ ಅವರು ಕಾಗದ ಹಿಡಿದು ಮನೆಗೇ ಬಂದರು.

ಸುಮಾ ಬಿಸಿಬೇಳೆಬಾತ್ ಬಡಿಸಿದಳು. ಅವರು ಬೆವರುತ್ತಲೇ ಎರಡನೆಯ ಸಲ ಹಾಕಿಸಿಕೊಂಡರು. ನಾನು ಕಾಗದ ಓದಿದೆ. ‘ಥಾಯ್ಲೆಂಡ್: ಹೆಚ್ಚಾಗಿ ಬದಲಿ ಆಟಗಾರ. ಪೋಲೆಂಡ್: ಒಳ್ಳೆಯ ವರ್ಷ, ಮೊಣಕಾಲು ಚೆನ್ನಾಗಿತ್ತು. ಲಾಟ್ವಿಯಾ: ನಾನು ನಿಧಾನವಾಗಿದ್ದೆ. ಒಟ್ಟು ಗೋಲು ಮೂರು. ನಮ್ಮ ಗೋಲಿಗೇ ಹೊಡೆದದ್ದು ಎರಡು.’ ಇದು ರೆಸ್ಯೂಮೆಯಲ್ಲ, ತಪ್ಪೊಪ್ಪಿಗೆ. ನಾನು ಪೆನ್ನು ತೆಗೆದು ಮೊದಲು ಆ ಎರಡನ್ನು ಹೊಡೆದುಹಾಕಿದೆ. ಮೂರರ ಮುಂದೆ ಒಂದು ಸೊನ್ನೆ ಇಟ್ಟೆ. ಎಲ್ಲರೂ ಮಾಡುತ್ತಾರೆ ಎಂದೆ. ಹಿಲ್‌ಕ್ರಾಫ್ಟಿನ ಅಂಕಲ್ಲಿನ ದನಿ ನನ್ನ ಗಂಟಲಿನಿಂದಲೇ ಬಂದಂತಾಗಿ ಒಂದು ಕ್ಷಣ ಕಸಿವಿಸಿಯಾಯಿತು.

ಹಯಾಶಿಯವರು ಆ ಸೊನ್ನೆಯ ಮೇಲೆ ಬೆರಳಿಟ್ಟರು. ಆಮೇಲೆ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: “ಮೂರು ಗೋಲು ಅಂದರೆ ಮೂವರು ಗೋಲ್‌ಕೀಪರ್‌ಗಳು. ಅವರ ಮುಖ ನನಗೆ ನೆನಪಿದೆ. ಇನ್ನು ಇಪ್ಪತ್ತೇಳು ಮಂದಿಯನ್ನು ಎಲ್ಲಿಂದ ತರಲಿ?” ಸೊನ್ನೆಯನ್ನು ಉಗುರಿನಿಂದ ಕೆರೆದು ತೆಗೆದು, ನಾನು ಹೊಡೆದುಹಾಕಿದ್ದ ಎರಡನ್ನು ಮತ್ತೆ ಬರೆದು, ಬಗ್ಗಿ ನಮಸ್ಕರಿಸಿದರು. ಅನಘಾ ನನ್ನನ್ನು ನೋಡುತ್ತಿದ್ದಳು. ನಾನು ಹಪ್ಪಳ ಮುರಿಯತೊಡಗಿದೆ.

ಆಸ್ಟಿನ್ ಕ್ಲಬ್ಬಿನವರು ಪರೀಕ್ಷೆಗೆ ಕರೆದರು. ಹಯಾಶಿಯವರ ಕಾರು ಕೆಟ್ಟಿದ್ದರಿಂದ ಆಸ್ಟಿನ್‌ಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಉಪಕಾರಬುದ್ಧಿಯಿಂದಲ್ಲ, ಈ ಮನುಷ್ಯನ ನಿಜಬಣ್ಣವನ್ನು ಕಣ್ಣಾರೆ ನೋಡಬೇಕಿತ್ತು. ಅನಘಾಳೂ ಬಂದಳು. ಅಲ್ಲಿ ಕ್ಲಬ್ಬಿನವರು ಇಪ್ಪತ್ತು ವರ್ಷದ ನಾಲ್ವರು ಗಟ್ಟಿಗರನ್ನು ಮೈದಾನಕ್ಕಿಳಿಸಿ, ಇವರನ್ನು ದಾಟಿ ಗೋಲು ಹೊಡೆಯಿರಿ ಎಂದರು. ನಲವತ್ತೊಂದರ ಹಯಾಶಿಯವರು ಓಡಲೇ ಇಲ್ಲ. ಎರಡು ಹೆಜ್ಜೆ ಆಚೆ, ಒಂದು ಹೆಜ್ಜೆ ಈಚೆ. ಆದರೆ ಚೆಂಡು ಬರುವ ಹೊತ್ತಿಗೆ ಅಲ್ಲಿ ಅವರು ಮೊದಲೇ ನಿಂತಿರುತ್ತಿದ್ದರು. ಅರ್ಧ ಗಂಟೆಯಲ್ಲಿ ಆ ನಾಲ್ವರೂ ಬಾಯಿ ಬಿಟ್ಟು ಉಸಿರಾಡುತ್ತಿದ್ದರು, ಗೋಲು ಮಾತ್ರ ಒಂದೂ ಆಗಿರಲಿಲ್ಲ. ಬೇಲಿಯ ಹಿಂದೆ ನಿಂತಿದ್ದ ನನಗೆ ನಿಜಕ್ಕೂ ನಾಚಿಕೆಯಾಯಿತು.

ಕ್ಲಬ್ಬಿನ ಮುಖ್ಯಸ್ಥ, ದೊಡ್ಡ ಟೋಪಿಯ ಮುದುಕ, ನನ್ನ ಬಳಿ ಬಂದು ನಿಂತ. ಕೆಲಸ ಅವರಿಗೇ ಎಂದ. ಮೇಜಿನ ಮೇಲೆ ಅರ್ಜಿಗಳ ರಾಶಿಯೇ ಇದೆಯಂತೆ. “ರೆಸ್ಯೂಮೆಯಲ್ಲಿ ಯಾರು ಏನು ಬರೆದಿದ್ದರೂ ನಾನು ಮೂರರಲ್ಲಿ ಒಂದು ಪಾಲು ನಂಬುತ್ತೇನೆ. ಈತನದರಲ್ಲಿ ಮಾತ್ರ ಎಲ್ಲಿ ಕತ್ತರಿಸುವುದೋ ಗೊತ್ತಾಗಲಿಲ್ಲ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಹಾಗಾದರೆ ದ ವುಡ್‌ಲ್ಯಾಂಡ್ಸ್‌ನವರೂ ಅಂದು ನನ್ನ ಆರನ್ನು ಎರಡು ಎಂದೇ ಓದಿಕೊಂಡಿದ್ದರೆ? ಇಷ್ಟು ವರ್ಷ ನಾನು ಕಣ್ಣು ಮಿಟುಕಿಸದೆ ಕೂತದ್ದು ಯಾರಿಗಾಗಿ?

ಹೊರಡುವಾಗ ಹಯಾಶಿಯವರು ಗೇಟಿನಲ್ಲಿ ನಿಂತು ಆ ಹೊಸ ಹುಲ್ಲಿಗೂ ಬಗ್ಗಿದರು. ಪಕ್ಕದಲ್ಲಿ ಅನಘಾಳೂ ಬಗ್ಗಿದಳು. ಕೋಚ್ ಊರು ಬಿಡುತ್ತಾರೆಂದು ಅವಳ ಕಣ್ಣು ತುಂಬಿತ್ತು. ನಾನು ಯಾರೂ ನೋಡದ ಹಾಗೆ ಕತ್ತನ್ನಷ್ಟೇ ಸ್ವಲ್ಪ ಬಗ್ಗಿಸಿದೆ.

ನನ್ನ ಈಗಿನ ಪ್ರಾಜೆಕ್ಟೂ ಮುಗಿಯುವ ಲಕ್ಷಣ ಕಾಣುತ್ತಿದೆ. ಮರುದಿನ ಸಂಜೆ ಲ್ಯಾಪ್‌ಟಾಪಿನಲ್ಲಿ ನನ್ನ ರೆಸ್ಯೂಮೆ ತೆರೆದೆ. ಹ್ಯೂಸ್ಟನ್ನಿಗೆ ಮೊದಲಿನ ಆ ಆರು ವರ್ಷ ಅಲ್ಲೇ ಕೂತಿತ್ತು. ಎದೆ ಗಟ್ಟಿ ಮಾಡಿಕೊಂಡು ಅದನ್ನು ಅಳಿಸಿ ಎರಡು ಎಂದು ಬರೆದೆ. ಮೈಯೆಲ್ಲ ಹಗುರವಾಯಿತು. ಬೆನ್ನ ಹಿಂದೆ ಅನಘಾ ನಿಂತಿದ್ದು ಆಗ ಗೊತ್ತಾಯಿತು.

“ವೈ ಡಿಡ್ ಯೂ ಚೇಂಜ್ ಇಟ್?”

“ಇರೋದೇ ಎರಡು ವರ್ಷ ಕಣೇ” ಎಂದೆ. ಹೇಳುವಾಗ ನನ್ನ ದನಿಯೇ ನನಗೆ ಮೆಚ್ಚುಗೆಯಾಯಿತು.

“ರಿಯಲಿ?”

“ನಿಜವಾಗ್ಲೂ.”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಸೀಲಿಂಗ್ ನೋಡುತ್ತಾ ಒಂದೊಂದೇ ಬೆರಳು ಮಡಿಸಿದಳು.

“ಸೋ... ಎಯ್ಟ್ ಮಂತ್ಸ್?” ಎಂದಳು.